ಐದು ದಿನದ ಜ್ವರ

"ಈ ರಂಗನಾಥ ಉಸಿರಾಡೋ ತನಕ ಇಪ್ಪತ್ತು ಓವರಿನ ಆಟ ನೋಡೋದಿಲ್ಲ! ನೋಡಿದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ!"

ಹೀಗೆಂದು ರಂಗನಾಥ ಮೇಷ್ಟ್ರು ಸ್ಟಾಫ್ ರೂಮಿನ ಮೇಜಿನ ಮೇಲೆ ಡಸ್ಟರ್ ಕುಟ್ಟಿ ಘೋಷಿಸಿಯೇಬಿಟ್ಟರು. ನೋಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಡಸ್ಟರಿನಿಂದ ಎದ್ದ ಸೀಮೆಸುಣ್ಣದ ಪುಡಿ ಮಾತ್ರ ನಿಧಾನವಾಗಿ ಹಾರಿ ಬಂದು ಬಸವೇಶನ ಉಪ್ಪಿಟ್ಟಿನ ಡಬ್ಬಿಯೊಳಗೆ ಇಳಿಯಿತು.

ಮೇಷ್ಟ್ರು ಮಿಡಿಗೇಶಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವರು. ಮನೆ ಮಧುಗಿರಿಯಲ್ಲಿ. ಅವರ ಪಾಲಿಗೆ ಕ್ರಿಕೆಟ್ ಎಂದರೆ ಐದು ದಿನದ ಟೆಸ್ಟ್ ಒಂದೇ. ಮಿಕ್ಕಿದ್ದೆಲ್ಲ ಬಣ್ಣದ ಬಟ್ಟೆ ಹಾಕಿಕೊಂಡವರ ಗದ್ದಲ. ಬಸವೇಶ ಅದೇ ಶಾಲೆಯ ದೈಹಿಕ ಶಿಕ್ಷಣದ ಮೇಷ್ಟ್ರು. ಬಲಸಮುದ್ರದವನು, ವಯಸ್ಸಿನಲ್ಲಿ ಇವರ ಅರ್ಧ. ಹಿಂದಿನ ದಿನದ ಇಪ್ಪತ್ತು ಓವರಿನ ಮ್ಯಾಚ್ ಪೂರ್ತಿ ನೋಡಿ ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಸಲ ಆಕಳಿಸಿದ್ದ. ಅಷ್ಟೇ ಅವನ ಅಪರಾಧ.

"ಅಲ್ಲ ಸಾರ್, ಚಿಕ್ಕ ಮ್ಯಾಚಲ್ಲಿ ತಪ್ಪೇನೈತೆ?" ಎಂದ ಬಸವೇಶ, ಉಪ್ಪಿಟ್ಟಿನ ಮೇಲಿನ ಪುಡಿಯನ್ನು ಊದುತ್ತಾ. "ಕೂಲಿ ಮುಗ್ಸಿ ಬಂದೋರು, ಅಂಗಡಿ ಬಾಗ್ಲು ಹಾಕ್ಕಂಡು ಬಂದೋರು, ಎಲ್ರೂ ಉಣ್ತಾ ಉಣ್ತಾ ನೋಡ್ಬೋದು. ಮೂರೂವರೆ ಗಂಟೇಲೇ ಮುಗ್ದೋಯ್ತದೆ. ಯಾರ ಕೆಲ್ಸಾನೂ ಕೆಡಾಕಿಲ್ಲ."

"ಅದು ಆಟ ಅಲ್ಲಪ್ಪಾ, ಹಸಿವು! ಬೇಯೋವರೆಗೂ ತಡೀಲಾರದೆ ಅಕ್ಕಿ ಮುಕ್ಕೋರ ಹಸಿವು! ಟೆಸ್ಟ್ ಅಂದ್ರೆ ತಾಳ್ಮೆ. ಟೆಸ್ಟ್ ಅಂದ್ರೆ ಶೀಲ. ಆಚೆ ಹೋಗೋ ಬಾಲನ್ನ ಮುಟ್ಟದೆ ಬಿಡೋದಕ್ಕೂ ಒಂದು ಸಂಸ್ಕಾರ ಬೇಕು. ಟೆಸ್ಟ್ ನೋಡೋನ ಬಾಯಲ್ಲಿ ಸುಳ್ಳು ಬರಲ್ಲ, ಕೆಲಸದಲ್ಲಿ ಕಳ್ಳತನ ಇರಲ್ಲ!"

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಮುಖ್ಯೋಪಾಧ್ಯಾಯಿನಿ ಗಂಗಾಂಬಿಕಾ ಅವರ ಕೋಣೆಗೆ ಹೋಗಿ, ಮ್ಯಾಚಿನ ಚಟದಿಂದ ಶಾಲೆಯ ಶಿಸ್ತು ಹಾಳಾಗುತ್ತಿದೆ ಎಂದು ದೂರು ಕೊಟ್ಟರು. ಬಸವೇಶ ಅವರೆದುರು ಕೈಕಟ್ಟಿ ನಿಂತು, "ತಪ್ಪಾಯ್ತು ಮೇಡಂ, ಇನ್ಮೇಲೆ ಆಕಳ್ಸಾಕಿಲ್ಲ" ಎಂದು ಹೇಳಬೇಕಾಯಿತು. ರಂಗನಾಥ ಮೇಷ್ಟ್ರು ಪಕ್ಕದಲ್ಲೇ ನಿಂತು ಅದನ್ನು ನ್ಯಾಯಾಧೀಶರ ಗತ್ತಿನಲ್ಲಿ ಕೇಳಿಸಿಕೊಂಡರು.

ಹನ್ನೆರಡು ದಿನ ಕಳೆಯಿತು. ಗುರುವಾರ ಟೆಸ್ಟ್ ಶುರು! ಅದೂ ನಮ್ಮ ನೆಲದಲ್ಲೇ! ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಬಾಲು, ಸಂಜೆ ನಾಲ್ಕೂವರೆಗೆ ಕೊನೇ ಬಾಲು. ಶಾಲೆಯ ಗಂಟೆ ಬಾರಿಸುವ ವೇಳೆಗೂ ಟೆಸ್ಟಿನ ವೇಳೆಗೂ ಯಾರೋ ಕೂತು ಜಾತಕ ಹೊಂದಿಸಿದ ಹಾಗಿತ್ತು. ಮೇಷ್ಟ್ರು ಬುಧವಾರ ಇಡೀ ದಿನ ಒದ್ದಾಡಿದರು. ಗುರುವಾರ ಏಳು ಗಂಟೆಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಮೂಗು ಹಿಡಿದುಕೊಂಡು, ಫೋನ್ ಮಾಡಿದರು.

"ಮೇಡಂ... ಯಾಕೋ ಜ್ವರ... ಒಂದು ದಿನ ರಜೆ..."

"ಅಯ್ಯೋ, ಮಲಗ್ರಿ ಮೇಷ್ಟ್ರೇ! ಇಪ್ಪತ್ತಾರು ವರ್ಷ ಸರ್ವೀಸಲ್ಲಿ ನೀವು ಬಾಯಿಬಿಟ್ಟು ರಜೆ ಕೇಳಿದ್ದೇ ಇಲ್ಲ!"

ಆ ಮಾತಿಗೆ ಮೇಷ್ಟ್ರ ಎದೆ ಒಂದು ಸಲ ಚುಚ್ಚಿತು. ಟಾಸ್ ಹೊತ್ತಿಗೆ ವಾಸಿಯಾಯಿತು.

ಆದರೆ ಮನೆಯಲ್ಲಿ ಇನ್ನೊಂದು ಕಷ್ಟವಿತ್ತು. ಹೆಂಡತಿ ವೇದಾವತಿ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವರು. ಊರಲ್ಲಿ ಡೆಂಗಿ ಕಾಲ. ಮನೆಮನೆಗೆ ಹೋಗಿ ನೀರಿನ ತೊಟ್ಟಿ ಇಣುಕುವುದು, ಸೊಳ್ಳೆಯ ಮರಿಹುಳ ಕಂಡರೆ ಬೈದು ಚೆಲ್ಲಿಸುವುದು, ಜ್ವರ ಬಂದವರ ರಕ್ತ ತೆಗೆಯುವುದು ಅವರ ದಿನದ ಕೆಲಸ. ಜ್ವರ ಎಂದರೆ ಮರುಕ್ಷಣ ಬಾಯಿಗೆ ಥರ್ಮಾಮೀಟರ್! ಹಾಗಾಗಿ ಶಾಲೆಗೆ ಜ್ವರದ ಸುಳ್ಳು, ಹೆಂಡತಿಗೆ ಶಾಲೆಯ ಸುಳ್ಳು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, "ಬರ್ತೀನಿ ವೇದಾ" ಎಂದು ಬಸ್ ಸ್ಟ್ಯಾಂಡಿಗೆ ಹೋದರು. ಅಲ್ಲಿ ಎರಡು ಕಾಫಿ ಕುಡಿದು, ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಒಂಬತ್ತಕ್ಕೆ ತಮ್ಮ ಮನೆಗೇ ಕಳ್ಳನ ಹಾಗೆ ಬಂದು, ಚಪ್ಪಲಿಯನ್ನು ಒಳಗೆ ತಂದಿಟ್ಟುಕೊಂಡು ಟಿವಿ ಹಾಕಿದರು. ಲಂಚ್ ವಿರಾಮಕ್ಕೆ ಸರಿಯಾಗಿ ಡಬ್ಬಿ ಬಿಚ್ಚಿದರು. ಸುಖವೆಂದರೆ ಅದು!

ಒಂದು ದಿನಕ್ಕೆ ಬಿಡುವ ಜ್ವರವನ್ನು ಯಾರು ನಂಬುತ್ತಾರೆ? ಶುಕ್ರವಾರವೂ ಮುಂದುವರಿಯಿತು. ಶನಿವಾರ ಮಧ್ಯಾಹ್ನ ಬಸವೇಶನ ಫೋನು.

"ಸಾರ್, ಹೆಂಗಿದೀರಾ? ನಿಮ್ಮ ಕ್ಲಾಸೆಲ್ಲಾ ನಾನೇ ತಗಂತಿದೀನಿ. ಹತ್ತನೇ ಕ್ಲಾಸಿಗೆ ತ್ರಿಕೋನಮಿತಿ ಹೇಳಾಕೋಗಿ ನಂಗೇ ತಲೆ ತಿರುಗ್ಬುಡ್ತು! ಮೂರು ದಿನ ಆಯ್ತಲ್ಲ, ಮೈಕೈ ನೋವೈತಾ?"

"ಇದೆ ಕಣಪ್ಪ."

"ಕಣ್ಣಿನ ಹಿಂದ್ಗಡೆ?"

"ಅಲ್ಲೂ ಇದೆ." ಇದು ಮಾತ್ರ ನಿಜ. ದಿನಕ್ಕೆ ಏಳು ಗಂಟೆ ಟಿವಿ ನೋಡಿದರೆ ಇನ್ನೇನಾಗುತ್ತದೆ?

"ಸಾರ್, ಇದು ಡೆಂಗೀನೇ!"

ಆಗ ನಮ್ಮ ಬ್ಯಾಟ್ಸ್‌ಮನ್ ತೊಂಬತ್ತೆಂಟರಲ್ಲಿದ್ದ. ಬೌಲರ್ ಓಡಿ ಬರುತ್ತಿದ್ದ. ಮಾತು ಮುಗಿದರೆ ಸಾಕೆಂದು ಮೇಷ್ಟ್ರು, "ಇರಬಹುದು ಕಣಪ್ಪ, ಇರಬಹುದು" ಎಂದು ಫೋನಿಟ್ಟರು.

ಆ 'ಇರಬಹುದು' ಬಸವೇಶನಿಂದ ಗಂಗಾಂಬಿಕಾ ಮೇಡಂ ಕಿವಿಗೆ ಬೀಳುವಾಗ 'ಹೌದಂತೆ' ಆಯಿತು. ಅಲ್ಲಿಂದ ಆರೋಗ್ಯ ಇಲಾಖೆಯಲ್ಲಿ ಜ್ವರದ ಪಟ್ಟಿ ಬರೆಯುವವರ ಕೈಗೆ ಹೋಗುವಾಗ, ಹೆಸರು, ವಿಳಾಸ, ಮೊಬೈಲ್ ನಂಬರಿನ ಸಮೇತ ಒಂದು ಸಾಲಾಯಿತು. ಮೇಷ್ಟ್ರಿಗೆ ಇದ್ಯಾವುದೂ ಗೊತ್ತಿಲ್ಲ. ಅವರು ಶತಕಕ್ಕೆ ಚಪ್ಪಾಳೆ ತಟ್ಟುತ್ತಿದ್ದರು.

ಭಾನುವಾರ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಆದರೂ ಒಂದು ಹೇಳಿದರು. ವೇದಾವತಿ ಸರ್ವೆಗೆ ಹೊರಡುವಾಗ, "ರೀ, ಹಿತ್ತಲ ಡ್ರಮ್ಮಿನ ನೀರು ಚೆಲ್ಲಿ, ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ. ಊರೋರಿಗೆಲ್ಲ ಬುದ್ಧಿ ಹೇಳೋಳ ಮನೇಲಿ ಹುಳ ಸಿಕ್ರೆ ನಾನು ಈ ಬೀದೀಲಿ ತಲೆ ಎತ್ತಂಗಿಲ್ಲ" ಎಂದಿದ್ದರು. ಟೀ ವಿರಾಮದಲ್ಲಿ ಮಾಡೋಣವೆಂದುಕೊಂಡ ಮೇಷ್ಟ್ರು ಟೀ ವಿರಾಮದಲ್ಲಿ ನಿದ್ದೆ ಮಾಡಿದರು. ಸಂಜೆ ಹೆಂಡತಿ ಕೇಳಿದರು: "ಡ್ರಮ್ಮು?" "ಆಯ್ತು." ಅಷ್ಟು ಸಲೀಸಾಗಿ ಬಂತು ಮಾತು!

ಸೋಮವಾರ ಐದನೇ ದಿನ. ಊಟದ ವಿರಾಮ ಮುಗಿದು ಅರ್ಧ ಗಂಟೆ. ನಮಗೆ ಬೇಕಾದದ್ದು ಒಂದೇ ವಿಕೆಟ್, ಅವರಿಗೆ ಬೇಕಾದದ್ದು ಹನ್ನೊಂದು ರನ್! ಮೇಷ್ಟ್ರು ದಿವಾನದ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬಾಗಿಲಲ್ಲಿ ದನಿ ಕೇಳಿತು.

"ಸಾರ್! ನಾನು, ಬಸವೇಶ! ಅರ್ಧ ದಿನ ರಜಾ ಹಾಕಿ ಬಂದೆ!"

ಮೇಷ್ಟ್ರು ಮೇಲೆ ನೆಗೆದರು. ರಿಮೋಟ್ ಸಿಗಲಿಲ್ಲ. ಟಿವಿಯ ಬಟನ್ ಹುಡುಕಿ ಒತ್ತಿದರೆ ದನಿಯಷ್ಟೇ ನಿಂತಿತು, ಚಿತ್ರ ನಿಲ್ಲಲಿಲ್ಲ. ಮೈಮೇಲಿನ ಟವೆಲನ್ನೇ ಟಿವಿಗೆ ಹೊದಿಸಿ, ತಾವು ಕಂಬಳಿಯೊಳಗೆ ಹೊಕ್ಕು, "ಬಾ... ರ... ಪ್ಪಾ..." ಎಂದು ನರಳಿದರು. ಮಧುಗಿರಿಯ ಮಧ್ಯಾಹ್ನದ ಬಿಸಿಲಿಗೆ, ಕಂಬಳಿಯ ಕಾವಿಗೆ, ಎರಡು ನಿಮಿಷದಲ್ಲಿ ನೆತ್ತಿಯಿಂದ ಬೆವರು ಇಳಿಯಿತು.

"ಬೆವರ್ತಾ ಐತೆ ಸಾರ್, ಒಳ್ಳೇದು! ಜ್ವರ ಬಿಡ್ತಾ ಐತೆ!" ಎಂದು ಬಸವೇಶ ಸಂಭ್ರಮದಿಂದ ಸ್ಟೀಲ್ ಕ್ಯಾನಿನ ಮುಚ್ಚಳ ತೆಗೆದ. "ಪರಂಗಿ ಎಲೆ ರಸ. ನಮ್ಮನೆಯೋಳು ಭವ್ಯನೇ ಅರ್ದು ಸೋಸಿ ಕೊಟ್ಟವ್ಳೆ. ಒಂದೇ ಏಟಿಗೆ ಕುಡೀರಿ, ಮೂಸ್ಬ್ಯಾಡಿ!"

ಮೇಷ್ಟ್ರು ಕುಡಿದರು. ಬೇವು ಅದರ ಮುಂದೆ ಕಬ್ಬಿನ ಹಾಲು! ನಾಲಿಗೆ ಮಡಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಆ ನೀರಿನ ನಡುವೆಯೂ ಅವರ ದೃಷ್ಟಿ ಟವೆಲಿನ ಅಂಚಿನಲ್ಲಿ ಮಿನುಗುವ ಹಸಿರು ಬೆಳಕಿನ ಕಡೆಗಿತ್ತು. ಮಾತಿಗೆ ಏನಾದರೂ ಬೇಕಲ್ಲ ಎಂದು ಕೇಳಿದರು:

"ನಿನ್ನೆ ನಿಮ್ಮೂರಲ್ಲಿ ಆರು ಓವರಿನ ಫೈನಲ್ ಅಂದಿದ್ದೆ?"

"ಇತ್ತು ಸಾರ್. ನಾನೇ ಕ್ಯಾಪ್ಟನ್ನು. ಆಡಕ್ಕಾಗ್ಲಿಲ್ಲ. ಈ ಎಲೆಗೇಂತ ಪಾವಗಡ ಎಲ್ಲಾ ಸುತ್ತಿದೆ. ಒಂದು ತೋಟದಲ್ಲಿ ಸಿಕ್ಕಿ ವಾಪಸ್ ಬರೋ ಅಷ್ಟೊತ್ಗೆ ನಮ್ಮೋರು ನಾಲ್ಕು ರನ್ನಲ್ಲಿ ಸೋತು ಕೂತಿದ್ರು." ಬಸವೇಶ ನಕ್ಕ. "ಪರ್ವಾಲೇದು ಬುಡಿ ಸಾರ್. ಅದೇನ್ ದೊಡ್ಡ ಆಟಾನಾ?"

ಪರಂಗಿ ರಸಕ್ಕಿಂತ ಕಹಿಯಾದದ್ದೊಂದು ಮೇಷ್ಟ್ರ ಗಂಟಲಲ್ಲಿ ಇಳಿಯಿತು. ಹೇಳಿಬಿಡೋಣವೆಂದು ಬಾಯಿ ತೆರೆದರು.

ಅಷ್ಟರಲ್ಲಿ ಬಾಗಿಲು ತುಂಬಾ ವೇದಾವತಿ! ಕೈಯಲ್ಲಿ ಜ್ವರದ ಪಟ್ಟಿ. ಹಿಂದೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಸಣ್ಣಕ್ಕ, ಟಾರ್ಚ್ ಹಿಡಿದುಕೊಂಡು.

ವೇದಾವತಿ ಗಂಡನ ಮುಖ ನೋಡಲಿಲ್ಲ. ಕುರ್ಚಿ ಎಳೆದು ಕೂತು ಪೆನ್ನು ತೆಗೆದರು.

"ಹೆಸರು?"

"ವೇದಾ, ನಾನು..."

"ರೋಗಿ ಹೆಸರು ಹೇಳ್ಬೇಕು."

"ರಂ... ರಂಗನಾಥ."

"ವಯಸ್ಸು?"

"ನಿಂಗೊತ್ತಲ್ಲ..."

"ಬೆಳಗ್ಗೆವರೆಗೂ ಐವತ್ಮೂರು ಅನ್ಕೊಂಡಿದ್ದೆ. ಈಗ ಡೌಟು. ಜ್ವರ ಯಾವತ್ತಿಂದ?"

ಮೇಷ್ಟ್ರು ಕಂಬಳಿಯ ನೂಲು ಎಣಿಸತೊಡಗಿದರು. ಬಸವೇಶ ನೆರವಿಗೆ ಬಂದ: "ಗುರುವಾರದಿಂದ ಅಕ್ಕಾ! ಪಾಪ, ಸ್ಕೂಲ್ ಕಡೆ ತಲೆ ಹಾಕಿಲ್ಲ!"

"ಹೌದಾ? ಹಂಗಾದ್ರೆ ಗುರುವಾರದಿಂದ ನಾನು ಕಟ್ಟಿಕೊಟ್ಟ ಡಬ್ಬಿ ಯಾರು ತಿಂದ್ರು?"

ವೇದಾವತಿ ಥರ್ಮಾಮೀಟರ್ ಇಟ್ಟು ತೆಗೆದರು. "ತೊಂಬತ್ತೆಂಟು ಪಾಯಿಂಟ್ ನಾಲ್ಕು." ಆಮೇಲೆ ಎದ್ದು ಹೋಗಿ ಟವೆಲಿನ ಮೇಲೆ ಅಂಗೈ ಇಟ್ಟರು. "ಜ್ವರ ಇವರಿಗಲ್ಲಪ್ಪ ಬಸವೇಶ್. ಟಿವಿಗೆ. ಮುಟ್ಟಿ ನೋಡು, ಹೆಂಗೆ ಸುಡ್ತಿದೆ!"

ಟವೆಲ್ ಜಾರಿತು. ಹಸಿರು ಮೈದಾನ, ಬ್ಯಾಟ್ಸ್‌ಮನ್ನನ ಸುತ್ತ ಮುತ್ತಿದ ಬಿಳಿ ಬಟ್ಟೆಯವರು. ಬೌಲರ್ ಓಡಿ ಬರುತ್ತಿದ್ದ, ಕೈ ಎತ್ತಿದ... ವೇದಾವತಿ ಗೋಡೆಯ ಸ್ವಿಚ್ ಆರಿಸಿದರು.

ಬಸವೇಶ ಟಿವಿ ನೋಡಿದ. ಖಾಲಿ ಕ್ಯಾನ್ ನೋಡಿದ. ಮೇಷ್ಟ್ರನ್ನು ಮಾತ್ರ ನೋಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಹೆಂಡತಿಯ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಹಿತ್ತಲಿಂದ ಸಣ್ಣಕ್ಕನ ದನಿ ಬಂತು. ಯಾವಾಗಲೂ ಬೀದಿಗೆಲ್ಲ ಕೇಳುವ ದನಿ, ಈಗ ಪಿಸುಮಾತು. "ಅಕ್ಕಾ... ಒಸಿ ಇಲ್ಲಿ ಬನ್ನಿ. ಡ್ರಮ್ಮಲ್ಲಿ..."

ಟಾರ್ಚಿನ ಬೆಳಕಿನಲ್ಲಿ ಮರಿಹುಳಗಳು ಕುಣಿಯುತ್ತಿದ್ದವು.

"ಯಾರ್ಗೂ ಹೇಳಾಕಿಲ್ಲ ಬುಡಿ ಅಕ್ಕಾ, ಚೆಲ್ಲಿಬುಡ್ತೀನಿ" ಎಂದಳು ಸಣ್ಣಕ್ಕ.

"ಬೇಡ. ಬೇರೆಯವರ ಮನೆಗೆ ಬರೀತೀವಲ್ಲ, ಇಲ್ಲಿಗೂ ಬರೀಬೇಕು." ವೇದಾವತಿ ಚಾಕ್‌ಪೀಸ್ ತೆಗೆದುಕೊಂಡು ಹೊರಗೆ ಬಂದು, ತಮ್ಮದೇ ಮನೆಯ ಗೋಡೆಯ ಮೇಲೆ, ತಾರೀಖಿನ ಸಮೇತ, 'ಹುಳ ಪತ್ತೆ' ಎಂದು ಬರೆದರು. ಎದುರುಮನೆಯ ಜಗದಾಂಬ ಬಾಗಿಲಿಗೆ ಬಂದು ನಿಂತಿದ್ದರು. ಹಿಂದಿನ ವಾರವಷ್ಟೇ ಹೂವಿನ ಕುಂಡದ ತಟ್ಟೆಯಲ್ಲಿ ನೀರು ನಿಂತಿದೆಯೆಂದು ವೇದಾವತಿಯಿಂದ ಬೈಸಿಕೊಂಡವರು.

"ಏನ್ ವೇದಾವತಮ್ಮ, ನಿಮ್ಮನೇಲೂನಾ?"

"ಹೌದು ಕಣಮ್ಮ. ನಮ್ಮನೇಲೂ."

ಹೆಂಡತಿ ಬೆರಳಿನ ಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಬೀದಿಯ ಕಡೆ ತಲೆ ಎತ್ತದೆ ತಿರುಗಿದ್ದನ್ನು ಮೇಷ್ಟ್ರು ಕಿಟಕಿಯಿಂದ ನೋಡಿದರು. ಅಲ್ಲಿಯವರೆಗೆ ಸಿಕ್ಕಿಬಿದ್ದ ಭಯವಿತ್ತು. ಈಗ ಬಂದದ್ದು ನಾಚಿಕೆ. ನೆಲ ಬಾಯಿ ಬಿಟ್ಟಿದ್ದರೆ ಕಂಬಳಿ ಸಮೇತ ಇಳಿದುಬಿಡುತ್ತಿದ್ದರು.

ವೇದಾವತಿ ಒಳಗೆ ಬಂದು ಸಿರಿಂಜ್ ಬಿಚ್ಚಿದರು. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ರಕ್ತ ತೆಗೆಯಲೇಬೇಕು. "ಮುಷ್ಟಿ ಬಿಗಿ ಹಿಡೀರಿ" ಎಂದದ್ದು ಬಿಟ್ಟರೆ ಆ ದಿನ ಗಂಡನೊಡನೆ ಇನ್ನೊಂದು ಮಾತಾಡಲಿಲ್ಲ.

ಅವರು ಹೋದ ಮೇಲೆ ಬಸವೇಶ ನಲ್ಲಿಯ ಕೆಳಗೆ ಕ್ಯಾನ್ ತೊಳೆದ. ಮೇಷ್ಟ್ರು ಹತ್ತಿರ ಹೋಗಿ ನಿಂತರು.

"ಬಸವೇಶ್, ನಿನ್ನನ್ನ ಮೇಡಂ ಎದುರು ನಿಲ್ಲಿಸಿದೆ. ಆ ಬಾಯಲ್ಲೇ... ತಪ್ಪಾಯ್ತು ಕಣಪ್ಪ."

ಅವನು ಬಹಳ ಹೊತ್ತು ಕ್ಯಾನಿನ ತಳ ಉಜ್ಜಿದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಬಾಯಿ ಕಹಿಯಾಗಿರ್ತದೆ ಸಾರ್. ಚೂರು ಬೆಲ್ಲ ಹಾಕ್ಕಳಿ" ಎಂದು ಹೇಳಿ ಬಸ್ಸಿಗೆ ಹೊರಟುಹೋದ.

ಮೇಷ್ಟ್ರು ಬೆಲ್ಲ ತಿನ್ನಲಿಲ್ಲ. ತೆಂಗಿನ ನಾರು, ಮರಳು ಹಿಡಿದು ಸಂಜೆಯವರೆಗೆ ಡ್ರಮ್ಮು ತಿಕ್ಕಿದರು. ಹಿತ್ತಲಲ್ಲಲ್ಲ, ಬೀದಿಯಲ್ಲಿ, ಜಗದಾಂಬ ಅವರಿಗೆ ಕಾಣುವ ಹಾಗೆ. ಟಿವಿ ಹಾಕಲಿಲ್ಲ, ಫೋನ್ ತೆರೆಯಲಿಲ್ಲ, ಮರುದಿನದ ಪೇಪರನ್ನೂ ಮುಟ್ಟಲಿಲ್ಲ.

ಮಂಗಳವಾರ ಶಾಲೆಯ ಗೇಟು ದಾಟುತ್ತಲೇ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ದಿನ ಪ್ರಾರ್ಥನೆಯಲ್ಲಿ ಮೇಷ್ಟ್ರ ಆರೋಗ್ಯಕ್ಕಾಗಿ ಎರಡು ನಿಮಿಷ ಕಣ್ಣುಮುಚ್ಚಿ ನಿಂತಿದ್ದರಂತೆ. ಮೇಷ್ಟ್ರು ತಲೆ ತಗ್ಗಿಸಿಕೊಂಡು ನೇರ ಮೇಡಂ ಕೋಣೆಗೆ ನಡೆದು, ರಜೆ ಅರ್ಜಿ ಮುಂದಿಟ್ಟರು. ಕಾರಣದ ಜಾಗದಲ್ಲಿ ನಿಜ ಬರೆಯಲೇಬೇಕೆಂದು ಕೂತು, ಕೊನೆಗೆ ಬರೆದದ್ದು: 'ಟೆಸ್ಟ್ ನಿಮಿತ್ತ.'

ಗಂಗಾಂಬಿಕಾ ಮೇಡಂ ಓದಿ, ಅವರ ಮೊಳಕೈಯ ಹತ್ತಿಯ ಪಟ್ಟಿ ನೋಡಿ ಲೊಚಗುಟ್ಟಿದರು. "ಅಯ್ಯೋ ಪಾಪ! ಐದು ದಿನ ಟೆಸ್ಟ್ ಮಾಡಿದ್ರಾ? ಎಷ್ಟು ರಕ್ತ ತೆಗೆದ್ರೋ ಏನೋ!"

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಒಂದು ಸಲ ಅದರತ್ತ ನೋಡಿ, ಮೇಡಂ ಕಡೆಗೇ ತಿರುಗಿದರು.

"ರಕ್ತದ್ದಲ್ಲ ಮೇಡಂ. ಕ್ರಿಕೆಟ್ ಟೆಸ್ಟ್. ಜ್ವರ ಇರ್ಲಿಲ್ಲ. ಬಸವೇಶನ ಮೇಲೆ ಕೊಟ್ಟ ದೂರೂ ವಾಪಸ್ ತಗೋತೀನಿ. ಅವನ ಎದುರಿಗೇ ಕ್ಷಮೆ ಕೇಳ್ತೀನಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮತ್ತೆ, ಯಾರು ಗೆದ್ರು?"

"ಗೊತ್ತಿಲ್ಲ ಮೇಡಂ. ಒಂದೇ ವಿಕೆಟ್ ಬಾಕಿ ಇತ್ತು. ಅಷ್ಟರಲ್ಲಿ ನಮ್ಮನೆಯವಳು ಬಂದ್ಬುಟ್ಲು."

"ಹಂಗಾದ್ರೆ," ಎಂದು ಗಂಗಾಂಬಿಕಾ ಮೇಡಂ ಅರ್ಜಿಗೆ ಸಹಿ ಹಾಕುತ್ತಾ ಹೇಳಿದರು, "ಆ ವಿಕೆಟ್ಟೂ ಬಿತ್ತು ಬಿಡಿ."