ಸಿಟ್ಟು ಇಳಿಸೋ ಮೇಡಮ್ಮನ ಪಾಡು

ಸಿಟ್ಟು ತಡೆಯುವುದು ಹೇಗೆಂದು ಅಪ್ಪ-ಅಮ್ಮಂದಿರಿಗೆ ಹೇಳಿಕೊಡುವುದು ನನ್ನ ಕೆಲಸ. ಕುಷ್ಟಗಿ, ಯಲಬುರ್ಗಾ ಎಲ್ಲಿಗೆ ಹೋದರೂ ಕೊನೆಗೆ ಸಿಟ್ಟು ಬರುವುದು ನನಗೇ. ಆದರೂ ಬಿಡುವವಳಲ್ಲ ನಾನು. ಗಂಗಾವತಿಯ ಒಂದೇ ಮನೆಯವರು ಎಷ್ಟು ಸತಾಯಿಸಿದರು ನೋಡಿ.

೧. ಬಾರುಕೋಲು

ಆ ಮನೆಯ ಯಜಮಾನರದು ಕಾಳಿನ ಅಂಗಡಿ. ನೆಂಟರ ಎದುರಿಗೆ ಮಗಳ ಕೆನ್ನೆಗೆ ಬಾರಿಸಿದ್ದರು. ಏಳನೇ ಕ್ಲಾಸಿನ ಆ ಹುಡುಗಿ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟು ತಿಂಗಳಾಗಿತ್ತು. ಹೆಂಡತಿಯ ಕಾಟಕ್ಕೆ ನನ್ನ ಬಳಿ ಬಂದವರು ಕೂತ ಕೂಡಲೇ ಸವಾಲು ಹಾಕಿದರು.

"ನಮ್ಮಪ್ಪ ಬಾರುಕೋಲಿಲೆ ಹೊಡದು ಬೆಳಿಸ್ಯಾನ್ರಿ. ನಾ ಏನ್ ಕೆಟ್ಟೀನಿ?"

"ಎಷ್ಟು ವರ್ಷ ಆತ್ರಿ?"

"ಮೂವತ್ತು. ಅವತ್ತು ಸೋಮವಾರ, ಮೊದಲ ಪೆಟ್ಟು ಎಡಗಡೆ ಬೆನ್ನಿಗೆ..." ಅಲ್ಲಿಗೇ ನಿಲ್ಲಿಸಿದರು. "ಮುಂದಿನ ವಾರ ಎಷ್ಟಕ್ಕ ಬರ್ಲಿರಿ?"

೨. ಹತ್ತರ ತನಕ

ಸಿಟ್ಟು ಬಂದರೆ ಹತ್ತರ ತನಕ ಎಣಿಸಿ ಎಂದಿದ್ದೆ. ನಮ್ಮ ಕಡೆ ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮಗಳ ಪುಸ್ತಕಗಳು ಮನೆ ತುಂಬ ಬಿದ್ದದ್ದು ಕಂಡು ಕೆಂಡವಾದ ಇವರು ಕಣ್ಣು ಮುಚ್ಚಿ "ಲಾಭ, ಎರಡು, ಮೂರು" ಎಂದು ಶುರು ಮಾಡಿದರು. ಅಭ್ಯಾಸಬಲ, ಹತ್ತಕ್ಕೆ ನಿಲ್ಲಲೇ ಇಲ್ಲ. ಎಪ್ಪತ್ತಕ್ಕೆ ಕಣ್ಣು ಬಿಟ್ಟರೆ ಮಗಳು ಶಾಲೆಗೆ ಹೋಗಿಯಾಗಿತ್ತು. ಪಕ್ಕದ ಮನೆಯಾಕೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನು ಅಳಿಯಾಕ್ಹತ್ತೀರಿ ಅಣ್ಣಾರ? ನನಗೂ ನಾಲ್ಕು ಸೇರು ಹಾಕ್ರಿ."

೩. ಜಾಗ ಬಿಡುವುದು

ಹೆಂಡತಿಗೆ ಬೇರೆ ಪಾಠ. ಕೈ ಎತ್ತಬೇಕು ಅನ್ನಿಸಿದರೆ ಸ್ವಲ್ಪ ಹೊತ್ತು ಆ ಜಾಗ ಬಿಡಿ ಎಂದೆ. ನಾನು ಹೇಳಿದ್ದು ಪಡಸಾಲೆಗೆ ಹೋಗಿ ಎಂದು. ಆಕೆ ಹನುಮಸಾಗರದ ಬಸ್ಸು ಹತ್ತಿ ತವರಿಗೇ ಹೋದಳು! ಸಿಟ್ಟಿನಿಂದ ಬಂದ ಮಗಳನ್ನು ಹಿರಿಯರು ಪಂಚಾಯ್ತಿ ಕೂಡದೆ ಗಂಡನ ಮನೆಗೆ ಕಳಿಸುವ ಪದ್ಧತಿ ಅಲ್ಲಿಲ್ಲ. ಮೂರನೇ ದಿನ ಐದು ಜನ ಹಿರಿಯರು ಆಕೆಯನ್ನು ಜೀಪಿನಲ್ಲಿ ಕರೆತಂದು ಗಂಡನನ್ನು ವಿಚಾರಿಸಿ, ಆಮೇಲೆ ನನ್ನ ಬಾಗಿಲಿಗೆ ಬಂದರು.

"ಸಂಸಾರ ಒಡಿಯಾಕ ಪಗಾರ ಕೊಡ್ತಾರೇನವ್ವಾ ನಿನಗ?"

ನನಗೂ ರೇಗಿತು. "ಮಕ್ಕಳಿಗೆ ಹೊಡಿಯೂದಕಿಂತ ಬಸ್ ಹತ್ತಿದ್ದೇ ಛಲೋ ಆತ್ರಿ ಯಜಮಾನ್ರ! ನೀವೂ ಸಿಟ್ಟಿನಾಗ ಅದೀರಿ. ಬಸ್ ಸ್ಟ್ಯಾಂಡ್ ಇಲ್ಲೇ ಐತಿ."

೪. ಕಟ್ಟೆ

ಎರಡು ತಿಂಗಳಾದರೂ ಮಗಳು ಸೊಲ್ಲೆತ್ತಲಿಲ್ಲ. ಅಪ್ಪ ಒಳಗೊಳಗೇ ಸೋತಿದ್ದರು. ಒಂದು ಬೆಳಿಗ್ಗೆ ಅವಳ ಕೈಯಿಂದ ಅವರ ಇಸ್ತ್ರಿ ಅಂಗಿಯ ಮೇಲೆ ಮೊಸರು ಚೆಲ್ಲಿತು. ಎತ್ತಿದ ಕೈ ಇಳಿಸಿ, "ನನಗ ಭಾಳ ಸಿಟ್ಟು ಬಂದೈತಿ!" ಎಂದು ಕೂಗಿದರು.

ಮಗಳು ಸೊಂಟಕ್ಕೆ ಕೈ ಇಟ್ಟಳು. "ಹಂಗಾದ್ರ ಹೊರಗ ಹೋಗಿ ಕುಂದ್ರಪ್ಪಾ. ಇಳಿದ ಮ್ಯಾಲೆ ಬಾ."

ಕಟ್ಟೆಯ ಮೇಲಿಂದ ನನಗೆ ಫೋನ್ ಬಂತು. "ಮೇಡಂ, ಮಗಳು ಬೈದು ಹೊರಗ ಹಾಕ್ಯಾಳ್ರಿ! ಅಪ್ಪಾ ಅಂದು ಬೈದಾಳ್ರಿ!"

ನನ್ನ ಕಣ್ಣು ತುಂಬಿತು. "ಸಿಟ್ಟು ಇಳೀತಲ್ರಿ? ಒಳಗ ಹೋಗ್ರಿ ಮತ್ತ."

"ಅದು ಆಗಲೇ ಇಳದೈತ್ರಿ. ತಡೀರಿ, ಓಣಿ ಮಂದಿಗೆಲ್ಲಾ ಇನ್ನೂ ಹೇಳಿ ಮುಗದಿಲ್ಲ!"