ಆರುನೂರನೆಯ ತಲೆ

ಬೆಳಿಗ್ಗೆ ಹತ್ತಕ್ಕೆ ಎಂಟನೇ ತರಗತಿಯ ಹುಡುಗಿಯೊಬ್ಬಳ ತಂದೆ ಬಂದು ಮಗಳ ವರ್ಗಾವಣೆ ಪತ್ರ ಪಡೆದರು, ಹೋಗುವಾಗ ವಿನಯದಿಂದ ಕೈಮುಗಿದರು. ಸರ್ಕಾರಿ ಪ್ರೌಢಶಾಲೆಯ ಗುಮಾಸ್ತರೂ ನಗುನಗುತ್ತಾ ಕೈಮುಗಿದರು. ಅವರು ಗೇಟು ದಾಟಿದ ಮೇಲೆಯೇ ಗುಮಾಸ್ತರು ರಿಜಿಸ್ಟರು ತೆರೆದು ಲೆಕ್ಕ ನೋಡಿದ್ದು. ಆರುನೂರಿದ್ದ ಮಕ್ಕಳು ಈಗ ಐನೂರ ತೊಂಬತ್ತೊಂಬತ್ತು!

ಆರುನೂರಕ್ಕೆ ಒಂದು ತಲೆ ಕಡಿಮೆಯಾದರೂ ಶಾಲೆಗೆ ಗುಮಾಸ್ತರ ಹುದ್ದೆಯಿಲ್ಲ. ತಲೆ ಎಣಿಸಲು ಶಾಲಾ ಇನ್‌ಸ್ಪೆಕ್ಟರು ಇವತ್ತೇ ಮೂರು ಗಂಟೆಗೆ ಬರುವವರಿದ್ದರು. ಹುದ್ದೆ ಹೋದರೆ ಇವರು ಊರಾಚೆಯ ಶಾಲೆಗೆ, ದಿನಾ ಮೂರು ಬಸ್ಸು ಬದಲಿಸಿ. ಈಗಲೋ, ಮನೆ ಶಾಲೆಯ ಹಿಂದಿನ ಬೀದಿಯಲ್ಲೇ. ಮಧ್ಯಾಹ್ನ ಬಿಸಿ ಊಟ ಮಾಡಿ, ಹತ್ತು ನಿಮಿಷ ಗೊರಕೆ ಹೊಡೆದು ಬರುವ ಆ ಸುಖಕ್ಕೆ ಕಲ್ಲು ಬಿತ್ತಲ್ಲ ಎಂದು ಅವರಿಗೆ ಅಳುವೇ ಬಂತು.

ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿತು. ಸಲಹೆ ಕೊಡಲು ಎಲ್ಲರೂ ಪಾಠ ಬಿಟ್ಟು ಓಡಿಬಂದರು.

"ಶೇಕಡಾ ನೂರು ಅಂತ ಬರೆದ್ಬಿಡಿ, ಯಾರೂ ಎಣಿಸೋಕೆ ಹೋಗಲ್ಲ," ಎಂದರು ಗಣಿತದ ಮೇಷ್ಟ್ರು.

ಡ್ರಿಲ್ ಮೇಷ್ಟ್ರು ಮಾತಿನವರಲ್ಲ. ನೇರ ಬೀದಿಗೆ ಹೋಗಿ ಒಬ್ಬನ ರಟ್ಟೆ ಹಿಡಿದು ಎಳೆದು ತಂದರು. "ತಗೊಳ್ಳಿ! ಸ್ಕೂಲು ತಪ್ಪಿಸ್ಕೊಂಡು ಗೋಡೆ ಪಕ್ಕ ನಿಂತಿದ್ದ."

"ಸಾರ್, ನಾನು ನೀರಿನ ಮೀಟರ್ ನೋಡೋಕೆ ಬಂದವನು. ನಂಗೆ ಇಬ್ರು ಮಕ್ಕಳಿದಾರೆ!"

ಗುಮಾಸ್ತರ ಮುಖ ಅರಳಿತು. "ಮಕ್ಕಳಾ? ದೊಡ್ಡ ಮಗುವಿಗೆ ವಯಸ್ಸೆಷ್ಟು?"

"ಮೂರು, ಸಾರ್."

ಅರಳಿದ ಮುಖ ಹಪ್ಪಳದಂತೆ ಮುದುರಿತು.

ಕೊನೆಗೆ ಡ್ರಾಯಿಂಗ್ ಟೀಚರಿಗೆ 'ಮತ್ತೆ ಪುಸ್ತಕ ಹಿಡಿ' ಯೋಜನೆ ನೆನಪಾಯಿತು. ಅರ್ಧಕ್ಕೆ ಓದು ಬಿಟ್ಟವರು ಯಾವ ವಯಸ್ಸಿನಲ್ಲಾದರೂ ಹತ್ತನೇ ತರಗತಿಗೆ ಸೇರಬಹುದು. ಮೂರು ವರ್ಷದಿಂದ ಒಂದು ನರಪಿಳ್ಳೆಯೂ ಸೇರಿರಲಿಲ್ಲ. ಏಕೆಂದರೆ ಅದರ ಪೋಸ್ಟರನ್ನು ಗುಮಾಸ್ತರು ಬೀರುವಿನ ಹಿಂದೆ ಜೋಪಾನವಾಗಿ ಇಟ್ಟಿದ್ದರು.

ಅವರು ಹೆಂಡತಿಗೆ ಫೋನು ಮಾಡಿದರು. "ನಿನ್ನ ಒಂಬತ್ತನೇ ಕ್ಲಾಸಿನ ಸರ್ಟಿಫಿಕೇಟು ಇದೆಯೇನೇ?"

"ಹದಿನೆಂಟು ವರ್ಷದಿಂದ ಟ್ರಂಕಲ್ಲೇ ಇದೆ. ಇವತ್ತು ನೆನಪಾಯ್ತಾ?"

"ಒಂದೇ ಒಂದು ದಿನ ಬಂದು ಕೂತ್ಕೋ ಮಾರಾಯ್ತಿ. ನಾಳೆ ಹೆಸರು ತೆಗೆದ್ಬಿಡ್ತೀನಿ."

ಹನ್ನೆರಡಕ್ಕೆ ಆಕೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಎರಡು ಪೆನ್ನು ಹಿಡಿದು ಬಂದರು. ಹತ್ತನೇ ತರಗತಿಯ ಮೊದಲ ಬೆಂಚಿನಲ್ಲಿ ನೆಟ್ಟಗೆ ಕೂತರು. ಹೊಸ ಟೀಚರ್ ಬಂದರೆಂದು ಇಡೀ ತರಗತಿ ಎದ್ದು ನಿಂತಿತು.

ಮೂರಕ್ಕೆ ಇನ್‌ಸ್ಪೆಕ್ಟರು ಬಂದರು. ಮನೆಮಾತು ಹನ್ನೊಂದು ಬಗೆ, ಸಂಜೆ ಅಂಗಡಿಗಳಲ್ಲಿ ದುಡಿಯುವ ಮಕ್ಕಳು ನೂರ ನಲವತ್ತು, ಕಳೆದ ವರ್ಷ ಪಾಸಾದವರು ಶೇಕಡಾ ಎಪ್ಪತ್ತೊಂದು ಎಂದು ಒಂದೊಂದೇ ಕಾಲಂ ತುಂಬಿಸಿದರು. ಆಮೇಲೆ ತಲೆ ಎಣಿಸಿದರು.

"ಸರಿಯಾಗಿ ಆರುನೂರು. ಗುಮಾಸ್ತರ ಹುದ್ದೆ ಉಳೀತು," ಎಂದು ಸಹಿ ಹಾಕಿದರು.

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಇನ್‌ಸ್ಪೆಕ್ಟರ ಕೈಗೆ ಹೊಸ ದಾಖಲಾತಿ ಅರ್ಜಿ ಸಿಕ್ಕಿತು.

"ಪೋಷಕರು ಅನ್ನೋ ಕಡೆ ನಿಮ್ಮ ಹೆಸರಿದೆಯಲ್ರೀ?"

"ನಮ್ಮ... ಮನೆಯವರು, ಸಾರ್."

"ಮನೆಯವರು ಹತ್ತನೇ ಕ್ಲಾಸಲ್ಲಿದ್ರೆ ನೀವು ಈ ಆಫೀಸಲ್ಲಿ ಇರೋ ಹಾಗಿಲ್ಲ. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲಾ ನಿಮ್ಮ ಕೈಲೇ ಇರತ್ತಲ್ಲ! ನಾಳೆಯಿಂದ ನೀವು ಊರಾಚೆ ಶಾಲೆಗೆ. ಅಲ್ಲಿನ ಗುಮಾಸ್ತರು ಇಲ್ಲಿಗೆ ಬರ್ತಾರೆ."

ಹೆಸರು ತೆಗೆದರೆ ಐನೂರ ತೊಂಬತ್ತೊಂಬತ್ತು, ಹುದ್ದೆಯೇ ಇಲ್ಲ. ತೆಗೆಯದಿದ್ದರೆ ಹುದ್ದೆಯಿದೆ, ಇವರಿಲ್ಲ. ಹೇಗೆ ಲೆಕ್ಕ ಹಾಕಿದರೂ ಬಸ್ಸು ಮೂರೇ. ಆದರೂ ಏನಾದರೂ ದಾರಿ ಹೊಳೆದೀತೆಂದು ಗುಮಾಸ್ತರು ತರಗತಿಗೆ ಓಡಿದರು.

"ಎದ್ದು ಬಾರೇ, ಎಲ್ಲಾ ಎಡವಟ್ಟಾಯ್ತು!"

"ಯಾಕೆ ಬರ್ಲಿ? ಬೀಜಗಣಿತ ಈಗ ತಲೆಗೆ ಹತ್ತುತಾ ಇದೆ. ಮಾನಿಟರೂ ನನ್ನೇ ಮಾಡಿದಾರೆ," ಎಂದರು ಆಕೆ ಪುಸ್ತಕದಿಂದ ಕಣ್ಣು ಕೀಳದೆ.

"ನಾಳೆಯಿಂದ ನಾನು ಊರಾಚೆ ಕಣೇ! ಮಧ್ಯಾಹ್ನ ನನ್ನ ಊಟ?"

"ಬೆಳಿಗ್ಗೆ ಬೇಗ ಎದ್ದು ಡಬ್ಬಿ ಕಟ್ಕೊಂಡು ಹೋಗಿ. ನಂಗೆ ಹೋಂವರ್ಕ್ ಇದೆ," ಎಂದರು ಆಕೆ. ಆಮೇಲೆ ಕರುಣೆಯಿಂದ ತಲೆಯೆತ್ತಿ, "ಹಾಗೇ ನಂಗೂ ಒಂದು ಡಬ್ಬಿ ಕಟ್ಟಿಡಿ," ಎಂದರು.