ಚದುರಂಗದ ಮಣೆ ಮತ್ತು ಕಿಟಕಿಯ ಕಂಬಿ

ಚದುರಂಗದ ಮಣೆಯ ಮುಂದೆ ನಾನು ಬಾಯಿ ಬಿಡುವವಳಲ್ಲ. ಮಣೆಯಿಂದೆದ್ದ ಮೇಲೂ ಅಷ್ಟೇ. ಆದರೂ ನಾನು ಆಡಲು ಕೂತಲ್ಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಮಾಡುವವಳು ನಾನಲ್ಲ, ಎದುರಿಗೆ ಕೂತವರು. ಶಿಕಾರಿಪುರದಲ್ಲಿ ತಾಲ್ಲೂಕು ಪಂದ್ಯ ಗೆದ್ದವರನ್ನು ಶಿವಮೊಗ್ಗದ ಜಿಲ್ಲಾ ಪಂದ್ಯಕ್ಕೆ ಕಳಿಸುತ್ತಾರೆ. ಹೆಂಗಸರಲ್ಲಿ ಹೋದವರು ಯಾರೂ ಇರಲಿಲ್ಲ. ನನಗೆ ಹೋಗಬೇಕಿತ್ತು. ಇಷ್ಟೇ ನನ್ನ ಅಪರಾಧ.

ಅಜ್ಜ ಬಿಟ್ಟುಕೊಟ್ಟದ್ದು

ಆಟ ಕಲಿಸಿದವರು ಸೊರಬದ ಅಜ್ಜ, ಅಮ್ಮನ ತಂದೆ. ಶಾನುಭೋಗಿಕೆ ಮಾಡಿದವರು, ಪಹಣಿ ನೋಡುವ ಕಣ್ಣಿನಿಂದಲೇ ಮಣೆಯನ್ನೂ ನೋಡುತ್ತಾರೆ, ಯಾವ ಮನೆ ಯಾರ ಸ್ವಾಧೀನದಲ್ಲಿದೆ ಎಂದು. ಶಿವಮೊಗ್ಗದ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ನಾನು ಬೇಸಿಗೆ ರಜೆಗೆ ಅಲ್ಲಿಗೆ ಹೋಗುತ್ತಿದ್ದೆ. ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಗೆದ್ದೆ. ಅಜ್ಜ ತಮ್ಮ ರಾಜನನ್ನು ಎತ್ತಿ, ಮೇಲೆ ಕೆಳಗೆ ನೋಡಿ, ವಾಪಸ್ಸಿಟ್ಟರು.

“ಬಿಟ್ಟುಕೊಟ್ಟೆ ಕಣೇ ಕೂಸೇ. ನೀ ಅಳಬಾರದಲ್ಲ!”

ಮಾರನೆಯ ದಿನವೂ ಬಿಟ್ಟುಕೊಟ್ಟರು. ಆ ರಜೆ ಪೂರ್ತಿ ಬಿಟ್ಟುಕೊಟ್ಟರು. ಮುಂದಿನ ವರ್ಷ ಹೊಸ ಕನ್ನಡಕ ಹಾಕಿಸಿಕೊಂಡು ಕೂತರು. ಇನ್ನೂ ಬೇಗ ಬಿಟ್ಟುಕೊಟ್ಟರು.

ಹೆಣ್ಣು ನೋಡಲು ಬಂದವರು

ಓದು ಮುಗಿಸಿ ಶಿಕಾರಿಪುರದ ಮನೆಗೆ ಬಂದ ವರ್ಷ, ತಾಲ್ಲೂಕು ಪಂದ್ಯಕ್ಕೆ ಒಂದು ತಿಂಗಳಿರುವಾಗ, ತೊಗರ್ಸಿ ಕಡೆಯಿಂದ ಸಂಬಂಧ ಬಂತು. ಅಮ್ಮ ಹಿಂದಿನ ದಿನವೇ ಹೇಳಿಬಿಟ್ಟಿದ್ದಳು: “ಇದು ಕೂಡಿಬಂದರೆ ಶಿವಮೊಗ್ಗವೂ ಇಲ್ಲ, ಗಿವಮೊಗ್ಗವೂ ಇಲ್ಲ.” ಮಣೆಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು.

ಹುಡುಗನ ತಂದೆ ಉಪ್ಪಿಟ್ಟು ಮುಗಿಸಿ ಕೇಳಿದರು. “ಹುಡುಗಿಗೆ ಏನೇನ್ ಬರ್ತೈತ್ರೀ?”

“ಕಸೂತಿ,” ಅಂದಳು ಅಮ್ಮ.

“ಚದುರಂಗ,” ಅಂದರು ಅಪ್ಪ. ಇಬ್ಬರೂ ಒಟ್ಟಿಗೇ.

ಹುಡುಗನ ತಂದೆಯ ಮುಖ ಅರಳಿತು. “ಹೌದಾ! ಹಂಗಾದ್ರೆ ಒಂದಾಟ ಆಗೇಬಿಡ್ಲಿ.”

ಮಣೆ ಹೊರಗೆ ಬಂತು. ಅಮ್ಮ ಕಾಫಿ ಲೋಟ ಇಡುವ ನೆಪದಲ್ಲಿ ಬಗ್ಗಿ, “ಸೋತುಬಿಡೇ, ನಿನ್ನ ದಮ್ಮಯ್ಯ,” ಎಂದು ಪಿಸುಗುಟ್ಟಿದಳು.

ಅಮ್ಮನ ಮಾತು ಮೀರುವವಳಲ್ಲ ನಾನು. ಮನಸ್ಸಿಟ್ಟು ಪ್ರಯತ್ನಪಟ್ಟೆ. ಕುದುರೆ ಒಡ್ಡಿದೆ, ಅವರು ನೋಡಲಿಲ್ಲ. ಆನೆಯನ್ನು ಅವರ ಮೂಗಿನ ಕೆಳಗೇ ನಿಲ್ಲಿಸಿದೆ, ಅವರು ಎಲ್ಲೋ ಮೂಲೆಯ ಕಾಲಾಳನ್ನು ನೂಕಿದರು. ಅವರಷ್ಟು ಚೆನ್ನಾಗಿ ಸೋಲಲು ನನಗೆ ಬರಲಿಲ್ಲ. ಹುಡುಗ ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.

“ತಿಳಿಸ್ತೀವ್ರಿ,” ಎಂದು ಹೋದರು. ಕಾಗದ ಬರಲಿಲ್ಲ. ಮುಂದಿನ ಭಾನುವಾರ ಹುಡುಗನ ತಂದೆಯೇ ಬಂದರು. ಮಗನನ್ನು ಕರೆತಂದಿರಲಿಲ್ಲ. ಮಣೆ ತಂದಿದ್ದರು.

ಅರ್ಜಿಯಲ್ಲಿ ಇಲ್ಲದ ಕಾಲಂ

ಪಂದ್ಯ ನಡೆಯುವುದು ಊರಿನ ದೊಡ್ಡಮನುಷ್ಯರ ಕ್ಲಬ್ಬಿನಲ್ಲಿ. ಅರ್ಜಿಗೆ ಶಾಲೆಯಲ್ಲಿ ಕಲಿಸಿದ್ದಂತೆ ನನ್ನ ಹೆಸರಿಗೆ ಬರೀ ಇನಿಷಿಯಲ್ ಹಾಕಿ, ಮುಂದೆ ಅಪ್ಪನ ಹೆಸರು ಬರೆದು ಕಳಿಸಿದೆ. ಗಂಡೋ ಹೆಣ್ಣೋ ಎಂದು ಕೇಳುವ ಕಾಲಂ ಅದರಲ್ಲಿರಲಿಲ್ಲ. ಅಂಥ ಅನುಮಾನ ಅಲ್ಲಿ ಯಾರಿಗೂ ಬಂದಿರಲಿಲ್ಲ.

ಪಂದ್ಯದ ದಿನ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಕಾರ್ಯದರ್ಶಿಗಳು, “ನಿಮ್ಮಣ್ಣ ಎಲ್ಲಮ್ಮಾ? ಹೊತ್ತಾತು,” ಅಂದರು. ಅವರು ವಕೀಲರು.

“ಅಣ್ಣ ಇಲ್ಲ.”

“ಮತ್ತೆ ಆಡೋರ್ ಯಾರು?”

ನನಗೆ ಬಂದಿದ್ದ ಚೀಟಿ ತೋರಿಸಿದೆ. ಚೀಟಿಯ ಕೆಳಗೆ ಅವರದೇ ಸಹಿ ಇತ್ತು. ಸಹಿಯನ್ನು ಅಲ್ಲಗಳೆಯುವಂತಿಲ್ಲ, ಹೆಂಗಸನ್ನು ಒಳಗೆ ಬಿಡುವಂತಿಲ್ಲ. ಒಳಗೆ ಹೋಗಿ ಅರ್ಧ ಗಂಟೆ ನಿಯಮದ ಪುಸ್ತಕ ತಿರುವಿ ಹೊರಬಂದರು, ದೊಡ್ಡ ಮೊಕದ್ದಮೆ ಗೆದ್ದವರ ಹಾಗೆ.

“ಹೆಂಗಸರು ಹೊಸ್ತಿಲು ದಾಟಬಾರದು ಅಂತ ಐತ್ರೀ. ಕಿಟಕಿ ವಿಷಯ ಏನೂ ಬರೆದಿಲ್ಲ.”

ಹಾಗಾಗಿ ಮಣೆ ಒಳಗೆ ಕಿಟಕಿಯ ಕಟ್ಟೆಯ ಮೇಲೆ. ಆಡುವ ಗಂಡಸು ಒಳಗೆ ಕುರ್ಚಿಯಲ್ಲಿ. ನಾನು ಹೊರಗೆ ಜಗಲಿಯ ಬೆಂಚಿನಲ್ಲಿ. ಕಬ್ಬಿಣದ ಕಂಬಿಗಳ ನಡುವೆ ಕೈ ತೂರಿಸಿ ಕಾಯಿ ನಡೆಸುವುದು.

ಮೊದಲ ಆಟ ಹೈಸ್ಕೂಲಿನ ಹೆಡ್‌ಮಾಸ್ತರರ ಜೊತೆ. ಕೂತೊಡನೆ ಪಾಠ ಶುರುಮಾಡಿದರು. “ನೀನು ಇಂಗ್ಲಿಷ್ ಶಾಲೆಯವಳು. ಮಂತ್ರಿಗೆ ರಾಣಿ ಅಂತೀರಂತೆ ನೀವು. ನಮ್ಮ ಆಟದಲ್ಲಿ ಹೆಂಗಸರಿಗೆ ಜಾಗ ಇಲ್ಲ ಕಣಮ್ಮ.”

ನಾನು ವಾದಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮಂತ್ರಿಯನ್ನು ಎತ್ತಿಕೊಂಡು ಬೆಂಚಿನ ಮೇಲೆ ನನ್ನ ಪಕ್ಕ ಕೂರಿಸಿಕೊಂಡೆ.

ಆಮೇಲೆ ಅವರು ಕಾರ್ಯದರ್ಶಿಗಳನ್ನು ಕರೆದರು. “ಕಂಬಿಗೆ ಈಕೆಯ ಬಳೆ ತಾಗಿ ಸದ್ದಾಗ್ತದೆ ಸ್ವಾಮಿ. ಯೋಚನೆ ಕೆಡ್ತದೆ.”

ಬಳೆಗಳನ್ನು ಮೇಲೆ ಸರಿಸಿ ಕರ್ಚೀಫು ಕಟ್ಟಿಕೊಂಡೆ. ಐದು ನಡೆ ಆಗಿರಬೇಕು. ಮತ್ತೆ ಕರೆದರು.

“ಈಗ ಸದ್ದೇ ಇಲ್ಲ ಸ್ವಾಮಿ! ಕೈ ಯಾವಾಗ ಒಳಗೆ ಬಂತು, ಯಾವಾಗ ಹೋಯ್ತು, ಒಂದೂ ತಿಳಿಯೋದಿಲ್ಲ. ಬಿಚ್ಚಿಸಿ ಅದನ್ನ.”

ಕಪ್ ಹೊರಗೆ ಬಾರದ್ದು

ಕೊನೆಯ ಆಟ ಕ್ಲಬ್ಬಿನ ಅಧ್ಯಕ್ಷರ ಜೊತೆ. ಅವರು ಆ ಊರಿನಲ್ಲಿ ಎಂದೂ ಸೋತವರಲ್ಲ. ನೂರು ಎಕರೆ ಗದ್ದೆ ಇರುವವರನ್ನು ಸೋಲಿಸುವ ಅವಸರ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಕೂತದ್ದು, ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಅವರ ರಾಜನಿಗೆ ಹೋಗಲು ಒಂದು ಮನೆಯೂ ಉಳಿದಿರಲಿಲ್ಲ.

ಒಳಗಿದ್ದವರೆಲ್ಲ ಮಣೆಯ ಮೇಲೆ ಬಗ್ಗಿ ಮನೆ ಎಣಿಸಿದರು. ಕೊನೆಗೆ ಅಧ್ಯಕ್ಷರೇ, “ಕಿಟಕಿ ಹತ್ರ ಗಾಳಿ ಭಾಳ,” ಅಂದರು.

ಎಲ್ಲರೂ ಹೌದು ಹೌದು, ಗಾಳಿ ಭಾಳ ಅಂದರು.

ಶಿವಮೊಗ್ಗಕ್ಕೆ ಕಳಿಸುವ ಕಾಗದಕ್ಕೆ ಸಹಿ ಬಿತ್ತು. ಮಡಿಸಿ ಕಂಬಿಯ ಸಂದಿಯಿಂದ ಕೊಟ್ಟರು. ನನಗೆ ಬೇಕಿದ್ದದ್ದು ಅದೇ. ಎರಡು ಕೈಯಲ್ಲಿ ಹಿಡಿದುಕೊಂಡೆ. ಆಮೇಲೆ ಕಪ್ ಬಂತು. ಕಪ್ ದಪ್ಪ, ಸಂದಿ ಸಣ್ಣದು. ನೆಟ್ಟಗೆ ಹಿಡಿದರು, ಅಡ್ಡ ಹಿಡಿದರು, ತಲೆಕೆಳಗು ಮಾಡಿದರು. “ಬಾಗಿಲಿಂದ ಕೊಟ್ಟರಾಯ್ತಲ್ರೀ,” ಅಂದರು, ಸಂಜೆ ನನ್ನನ್ನು ಕರೆದೊಯ್ಯಲು ಬಂದಿದ್ದ ಅಪ್ಪ, ನನ್ನ ಹಿಂದಿನಿಂದ. ಹೊಸ್ತಿಲ ಮೇಲೆ ಚಾಚಿದ ಹೆಂಗಸಿನ ಕೈ ಒಳಗೋ ಹೊರಗೋ ಎಂದು ಕಮಿಟಿ ಅಲ್ಲೇ ಸಭೆ ಸೇರಿತು. ತೀರ್ಮಾನವಾಗಲಿಲ್ಲ. ಕಪ್ಪನ್ನು ನನ್ನ ಪರವಾಗಿ ಕ್ಲಬ್ಬಿನ ಬೀರುವಿನಲ್ಲೇ ಇಟ್ಟುಕೊಳ್ಳುವ ಉಪಕಾರ ಮಾಡಿದರು.

ಫೋಟೋ ಆದರೂ ಬೇಕಲ್ಲ. ಒಳಗಿನಿಂದ ತೆಗೆದರೆ ಬೆಳಕಿಗೆ ಎದುರಾಗುತ್ತದೆಂದು ಫೋಟೋದವನು ಅಂಗಳದಲ್ಲಿ ಸ್ಟ್ಯಾಂಡ್ ನಿಲ್ಲಿಸಿದ. ಕಮಿಟಿಯವರೆಲ್ಲ ಕಪ್ ಹಿಡಿದು ಒಳಗೆ ಕಿಟಕಿಗೆ ಒತ್ತಿ ನಿಂತರು. ಹಿಂದಿನ ಸಾಲಿನವರು ಮುಖ ಕಾಣಲೆಂದು ಮುಂದಿನವರ ಹೆಗಲ ಮೇಲಿಂದ ಬಾಗಿ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡರು. ನಾನು ಹೊರಗೆ, ಪಕ್ಕದಲ್ಲಿ.

ಶಿವಮೊಗ್ಗದ ಬಸ್ಸು ಹತ್ತುವ ಹಿಂದಿನ ದಿನ ಹರಸಲೆಂದು ಸೊರಬದಿಂದ ಅಜ್ಜ ಬಂದರು. ಫೋಟೋ ಕೈಗೆ ಕೊಟ್ಟೆ. ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದರು.

“ಪಾಪ, ಎಲ್ಲ ಮರ್ಯಾದಸ್ತರ ಹಾಗೆ ಕಾಣ್ತಾರೆ. ಏನು ಮಾಡಿದ್ರು ಅಂತ ಇಷ್ಟು ಜನರನ್ನ ಜೈಲಿಗೆ ಹಾಕಿದಾರೆ?”

“ನನ್ನ ಹತ್ತಿರ ಸೋತರು ಅಜ್ಜ.”

ಅಜ್ಜ ಫೋಟೋ ವಾಪಸ್ಸು ಕೊಟ್ಟು ಅಂದರು: “ಸೋತಿರಲಿಕ್ಕಿಲ್ಲ ಬಿಡೇ. ಅವರೂ ಬಿಟ್ಟುಕೊಟ್ಟಿರಬೇಕು.”